ಕಂಡಕ್ಟರ್ ಮಾವ ನಾಯಿಗೆ ಪಾಠ ಹೇಳಿದ್ದು

ಹೂವಿನ ಗಿಡಗಳಿಗೆ ಕುರಿಗೊಬ್ಬರ ಕೇಳಲು ಹೋದ ದಿನ ಅವರನ್ನು ಮೊದಲು ನೋಡಿದೆ. ಗೇಟು ತೆರೆದು ನಿಂತಿದ್ದೆನಷ್ಟೆ, "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ, ಒಳಗೆ ಜಾಗ ಇದೆ!" ಎಂದು ಕೂಗಿದರು. ನನ್ನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಸ್ ಕಂಡಕ್ಟರಾಗಿ ಆಯುಷ್ಯ ಸವೆಸಿ, ನಿವೃತ್ತರಾದ ಮೇಲೆ ಕುರಿ ಕಟ್ಟಿಕೊಂಡವರು. ಸುತ್ತಮುತ್ತಲಿನವರಿಗೆಲ್ಲ ಅವರು ಕಂಡಕ್ಟರ್ ಮಾವ. ವಯಸ್ಸಿನಲ್ಲಿ ನಾನೇ ಹಿರಿಯನಾದರೂ ನನಗೂ ಮಾವನೇ ಆದರು.

ಆಗಷ್ಟೇ ಅವರ ಮನೆಗೊಂದು ಎಳೆಯ ನಾಯಿ ಬಂದಿತ್ತು. ಪಾತ್ರೆಗಳನ್ನೆಲ್ಲ ನೆಕ್ಕಿ ಹೊಳೆಯಿಸುತ್ತಿದ್ದುದರಿಂದ ಅದಕ್ಕೆ ‘ಕ್ಲೀನರ್’ ಎಂದು ಹೆಸರಾಯಿತು. ಚಿನ್ನದಂಥ ನಾಯಿ, ಆದರೆ ಕುರಿಗಳನ್ನು ಕಂಡರೆ ಅಟ್ಟಿಸಿಕೊಂಡು ಹೋಗುವ ಚಾಳಿ. ಗಬ್ಬದ ಕುರಿಯೊಂದು ಬೆದರಿ ಬೇಲಿಗೆ ಸಿಕ್ಕಿಕೊಂಡ ದಿನ ಮಾವನ ಹೆಂಡತಿ, ಎಂದರೆ ನಮ್ಮೆಲ್ಲರ ಅತ್ತೆ, ಖಡಾಖಂಡಿತವಾಗಿ ಹೇಳಿದರು: "ನೋಡ್ರೀ, ಹೀಗೇ ಆದರೆ ಇದನ್ನ ಮಿಲ್ಲಿನ ವಾಚ್‌ಮನ್‌ಗೆ ಕೊಟ್ಟುಬಿಡ್ತೀನಿ. ಕುರಿ ಕಂದು ಹಾಕಿದರೆ ಮರಿ ನೀವು ಹೆತ್ತು ಕೊಡ್ತೀರಾ?"

ಮಾವನ ಮುಖ ಸಪ್ಪಗಾಯಿತು. ಅವರ ಪಾದದ ಮೇಲೆ ಗದ್ದವಿಟ್ಟು ಮಲಗುವ ನಾಯಿ ಅದು. ಅದಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮರುದಿನವೇ ಪಾಠ ಶುರುವಾಯಿತು. ನಾಯಿಯ ಕೊರಳಿಗೆ ಉದ್ದನೆಯ ಹಗ್ಗ, ಮಾವನ ಬಾಯಲ್ಲಿ ಹಳೆಯ ವಿಸಿಲ್. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಓಡಬಹುದು. ನಿಂತರೆ ಬಿಸ್ಕತ್ತು. ನಾಯಿ ಬೇಗನೆ ಕಲಿತಿತು. ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ವಾಸಿ. ಆದರೂ ಸಂಜೆ ಕುರಿಗಳು ದೊಡ್ಡಿ ಸೇರುವ ಹೊತ್ತಿಗೆ ಸರಿಯಾಗಿ ದೊಡ್ಡಿಯ ಗಿಡ್ಡ ಬೇಲಿ ಹಾರಲು ಚಂಗನೆ ಜಿಗಿದು ನುಗ್ಗುತ್ತಿತ್ತು! ಹಗ್ಗವಿದ್ದುದರಿಂದ ಕುರಿಗಳು ಬಚಾವಾದವು. ಮಾವನ ಅಂಗೈ ಸುಲಿದುಹೋಯಿತು.

"ದಿನವಿಡೀ ಜಾಣ, ಸಂಜೆಯಾದರೆ ಶತದಡ್ಡ! ಏನು ಮಾಡಲಿ ಮೇಷ್ಟ್ರೇ?" ಎಂದು ನನ್ನ ಹತ್ತಿರ ಅಳಲು ತೋಡಿಕೊಂಡರು.

ನಾನೂ ಅಲ್ಲೇ ಇದ್ದ ಒಂದು ಸಂಜೆ ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಕೊನೆಯ ಕುರಿ ಒಳಗೆ ಹೋಯಿತು. ಮಾವ ಬಾಗಿಲನ್ನು ದಬ್ಬನೆ ಎಳೆದುಕೊಂಡು, ಪೀ ಪೀ ಎಂದು ಎರಡು ಊದಿದರು. ನಾಯಿ ಬಾಣದಂತೆ ಹೊರಟಿತು.

"ಅಯ್ಯೋ, ನೀವೇ ರೈಟ್ ಕೊಟ್ರಲ್ರೀ!" ಅತ್ತೆ ಎದ್ದು ನಿಂತರು.

"ನಾನಾ? ಯಾವಾಗ?"

"ಈಗ! ಬಾಗಿಲು ಹಾಕಿದ ತಕ್ಷಣ! ಮೇಷ್ಟ್ರೇ, ನೀವೇ ಹೇಳಿ."

ನಾನು ಸಾಕ್ಷಿ ಹೇಳಬೇಕಾಯಿತು. ಮಾವ ಹಗ್ಗ ಹಿಡಿದುಕೊಂಡೇ ಪೆಚ್ಚಾಗಿ ನಿಂತರು.

"ಪಾಪ, ಹೇಳಿದ ಮಾತು ನಾಯಿ ಕೇಳ್ತಿದೆ. ತಿದ್ದಬೇಕಾದ ಪ್ರಾಣಿ ಬೇರೆ," ಎನ್ನುತ್ತ ಅತ್ತೆ ವಿಸಿಲ್ ಕಿತ್ತು ತಮ್ಮ ಕೊರಳಿಗೆ ಹಾಕಿಕೊಂಡರು. ವಾಚ್‌ಮನ್ನನ ಮಾತು ಮತ್ತೆ ಎತ್ತಲಿಲ್ಲ. ಅಂದಿನಿಂದ ಊದುವುದು ಅವರ ಕೆಲಸ. ಅಡುಗೆಮನೆಯಿಂದ ಒಂದು ಊದಿದರೆ ಅಂಗಳದಲ್ಲಿ ನಾಯಿಯೂ ನಿಲ್ಲುತ್ತದೆ, ಮಾವನೂ ನಿಲ್ಲುತ್ತಾರೆ.

ಈಗ ಹಗ್ಗ ಬಿಚ್ಚಿದ್ದಾರೆ. ಮರಿಗಳಿಗೆ ಬಾಟಲಿ ಹಾಲು ಕುಡಿಸುವುದು ಮಾವನ ಪಾಲಿಗೆ ಬಂದಿದೆ. ಮೊನ್ನೆ ಹೋದಾಗ ಮರಿಯೊಂದು ಬಾಟಲಿ ಬಿಟ್ಟು, ಪಕ್ಕದಲ್ಲಿ ಮಲಗಿದ್ದ ಕ್ಲೀನರ್‌ನ ಕಿವಿಯನ್ನು ಚೀಪುತ್ತಿತ್ತು. ನಾಯಿ ಮಿಸುಕಲಿಲ್ಲ. ಮಾವ ಉಸಿರನ್ನೂ ಜೋರಾಗಿ ಬಿಡದೆ ಕುಳಿತಿದ್ದರು.