ಸರದಿ ಬಿಟ್ಟುಕೊಟ್ಟ ಯಜಮಾನರು

ಗಾಯಾಳುಗಳು ಒಟ್ಟಿಗೇ ಬಂದು ಬಿದ್ದಾಗ ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ನರ್ಸ್‌ಗಳಿಗೆ ಕಲಿಸುವುದು ನನ್ನ ಕೆಲಸ. ಶಿವಮೊಗ್ಗದ ಎಮರ್ಜೆನ್ಸಿ ವಾರ್ಡಿನಲ್ಲೇ ತಲೆ ನೆರೆಸಿಕೊಂಡವಳು ನಾನು. ಈ ವಿಷಯದಲ್ಲಿ ನನಗೆ ಟೋಪಿ ಹಾಕುವುದು ಸುಲಭವಲ್ಲ. ಬಾಯಿ ಜೋರು ಅನ್ನುತ್ತಾರೆ. ಇರಲಿ, ಈ ಕೆಲಸಕ್ಕೆ ಅದೂ ಬೇಕು.

ಅವತ್ತು ಭದ್ರಾವತಿಯ ನರ್ಸ್‌ಗಳಿಗೆಂದು ಅಣಕು ಅಪಘಾತ ಏರ್ಪಡಿಸಿದ್ದೆ. ಮಾಚೇನಹಳ್ಳಿ ಹತ್ತಿರ ಬಸ್ಸು ಮಗುಚಿದೆ ಎಂದು ಲೆಕ್ಕ. ಊರಿನ ಕೆಲವರು ಕುಂಕುಮದ ನೀರು ಬಳಿದುಕೊಂಡು ಅಲ್ಲಿಯ ಆಸ್ಪತ್ರೆಯ ಹಜಾರದಲ್ಲಿ ಮಲಗಿದ್ದರು. ಕಾರ್ಖಾನೆಯಿಂದ ನಿವೃತ್ತರಾದ ಯಜಮಾನರೊಬ್ಬರಿಗೆ ಕಾಲು ಉಳುಕಿದವನ ಪಾತ್ರ. ಬೊಬ್ಬೆ ಹೊಡೆಯಬೇಕು, ನನ್ನನ್ನೇ ಮೊದಲು ನೋಡಿ ಎಂದು ಜಗಳಕ್ಕೆ ಬೀಳಬೇಕು, ಗಲಾಟೆಗೆ ನರ್ಸ್ ಮಣಿಯುತ್ತಾಳೋ ಇಲ್ಲವೋ ನೋಡೋಣ ಎಂದು ಹೇಳಿಕೊಟ್ಟಿದ್ದೆ. ಶುರುವಿನಲ್ಲಿ ಅವರು ಅರಚಿದ್ದು ನೋಡಿ ನನಗೇ ನಗು ಬಂದಿತ್ತು.

ಸ್ವಲ್ಪ ಹೊತ್ತಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸ್ ಹುಡುಗಿಯೊಬ್ಬಳು ಅವರ ಬಳಿ ಹೋದಳು. ಅವರು ಕೈ ಆಡಿಸಿದರು.

“ನಂಗೇನಿಲ್ಲ ಕಣಮ್ಮ. ಮೊದ್ಲು ಅವ್ರನ್ನ ನೋಡು.”

ಕಾಯಬಹುದಾದವರಿಗೆ ಕಟ್ಟುವ ಹಸಿರು ಪಟ್ಟಿ ಕಟ್ಟಿ ಅವಳು ಮುಂದೆ ಹೋದಳು. ನಾನು ಅವರ ಬಳಿಗೆ ಓಡಿದೆ. ಜಗಳ ಆಡಬೇಕಾದ ಮನುಷ್ಯ ಸರದಿ ಬಿಟ್ಟುಕೊಡುತ್ತಿದ್ದಾರಲ್ಲ! ನಮ್ಮ ಕಡೆಯವರು ಊಟದ ಪಂಕ್ತಿಯಲ್ಲೂ ಹೀಗೇ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಪಕ್ಕದವರಿಗೆ ಬಡಿಸಿ ಅನ್ನುತ್ತಾರೆ. ಆ ಉಪಚಾರದ ಮಾತು ನನ್ನ ನಾಟಕದಲ್ಲಿ ಇರಲಿಲ್ಲ. ಅದು ಅವರದೇ ಮಾತು; ಅಂದರೆ ನಿಜವಾಗಿಯೂ ಏನೋ ಆಗಿದೆ.

ಹುಡುಗಿಯನ್ನು ವಾಪಸು ಕರೆದು ಅವಳ ಕೈಯನ್ನು ಅವರ ಹಣೆಯ ಮೇಲಿಡಿಸಿದೆ.

“ಅವ್ರು ಹೇಳಿದ್ದು ಬಿಡು. ನಿನ್ನ ಕೈಗೆ ಏನು ಗೊತ್ತಾಗ್ತಿದೆ ಹೇಳು ಮಾರಾಯ್ತಿ.”

ಹಣೆ ತಣ್ಣಗೆ ಬೆವೆತಿತ್ತು. ಅವಳು ಹಸಿರು ಪಟ್ಟಿ ಕಿತ್ತು, ಎಲ್ಲರಿಗಿಂತ ಮೊದಲು ನೋಡಬೇಕಾದವರಿಗೆ ಕಟ್ಟುವ ಕೆಂಪು ಪಟ್ಟಿ ಕಟ್ಟಿದಳು. ಇಸಿಜಿ ತೆಗೆದರೆ ಹೃದಯಾಘಾತವೇ. ಅಲ್ಲಿಯ ಡಾಕ್ಟರು ಔಷಧಿ ಕೊಟ್ಟು ಆಂಬುಲೆನ್ಸ್ ಹತ್ತಿಸಿದರು. ಅವಳೂ ನಾನೂ ಜೊತೆಗೆ ಹೊರಟೆವು.

ಶಿವಮೊಗ್ಗದ ಆಸ್ಪತ್ರೆಯ ಬಾಗಿಲಲ್ಲಿ, ಕೈ ಮುರಿದುಕೊಂಡ ಯಾರನ್ನೋ ಅವನ ಕಡೆಯವರು ಗುಂಪಾಗಿ ಒಳಗೆ ನುಗ್ಗಿಸುತ್ತಿದ್ದರು. ಸ್ಟ್ರೆಚರ್ ಮೇಲೆ ಉಸಿರಿಗೆ ಒದ್ದಾಡುತ್ತಿದ್ದ ನಮ್ಮ ಯಜಮಾನರು, ಅವರು ಹೋಗಲಿ ಎಂಬಂತೆ ಕೈ ಎತ್ತಿದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಆ ಕೈ ಹಿಡಿದು ಕೆಳಗಿಳಿಸಿದಳು.

“ಇವತ್ತು ಮೊದ್ಲು ನೀವು, ಯಜಮಾನ್ರೇ.”

ಆಮೇಲೆ ಹೊರಗಿನ ರಸ್ತೆಗೂ ಕೇಳುವಂತೆ ಜಾಗ ಬಿಡಿ ಎಂದು ಕೂಗಿದಳು. ಜನ ಸರಿದರು. ಯಜಮಾನರು ಬದುಕಿದರು.