ಸ್ತೂರೆಯ ಗಾಳಿಗಿರಣಿ

ಬಡಗಿ ಕೆಲಸ ಕಲಿಯುತ್ತೇನೆ ಎಂದು ಕಾಂಚನಾ ಹೇಳಿದಾಗ ಅವಳ ತಂದೆ ಶಂಕರ ಮೊದಲು ನಕ್ಕರು, ಆಮೇಲೆ ಎರಡು ದಿನ ಮಾತು ಬಿಟ್ಟರು. ಭದ್ರಾವತಿಯಲ್ಲಿ ಕಬ್ಬಿಣದ ಕೆಲಸ ಕಲಿತು, ಎಂಬತ್ತರ ದಶಕದಲ್ಲಿ ಹೊರದೇಶದ ಉಕ್ಕಿನ ಪಟ್ಟಣ ಸ್ಯಾಂಡ್‌ವಿಕೆನ್‌ಗೆ ಬಂದು ನೆಲೆಸಿದವರು ಅವರು. ಉಕ್ಕಿನೊಳಗೆ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಪರೀಕ್ಷಿಸುವುದು ಅವರ ಉದ್ಯೋಗ. ಮಗಳು ನಾರ್‌ಶೋಪಿಂಗ್‌ನಲ್ಲಿ ಓದಿ, ಅಲ್ಲೇ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಲಾರಿಗಳ ದಾರಿ ಗೊತ್ತುಮಾಡುವ ಕೆಲಸ ಹಿಡಿದಾಗ ಅವರಿಗೆ ನೆಮ್ಮದಿಯಾಗಿತ್ತು. ಮೂರು ವರ್ಷಕ್ಕೆ ಅವಳು ಅದನ್ನು ಬಿಟ್ಟಳು. ಆಗ ಅವಳಿಗೆ ಇಪ್ಪತ್ತಾರು.

“ಸ್ಕ್ರೀನ್ ನೋಡಿ ಸಾಕಾಯ್ತು ಅಪ್ಪ. ಸಂಜೆ ಆಫೀಸ್ ಬಿಡೋವಾಗ, ಇವತ್ತು ಇದು ಮಾಡ್ದೆ ಅಂತ ತೋರ್ಸೋಕೆ ಏನೂ ಇರಲ್ಲ.”

“ಯಾರಿಗೆ ತೋರಿಸ್ಬೇಕು ನೀನು?”

ಅವಳು ಹಳೆಯ ಮರದ ಕಟ್ಟಡಗಳ ದುರಸ್ತಿ ಕಲಿಸುವ ಶಾಲೆಯಲ್ಲಿ ಎರಡು ವರ್ಷ ಕಳೆದಳು. ೨೦೧೪ರ ಬೇಸಿಗೆಯಲ್ಲಿ ಕಾಲ್ಮಾರ್‌ನ ಉದ್ದನೆಯ ಸೇತುವೆ ದಾಟಿ ಓಲಾಂಡ್ ದ್ವೀಪಕ್ಕೆ ಬಂದಳು. ಅಲ್ಲಿ ಒಂದು ಹಳ್ಳಿಯ ಸಂಘದವರು ತಮ್ಮೂರಿನ ಗಾಳಿಗಿರಣಿಗಳನ್ನು ನೋಡಿಕೊಳ್ಳಲು ಒಬ್ಬರನ್ನು ಹುಡುಕುತ್ತಿದ್ದರು.

ಊರಿನ ಅಂಚಿನಲ್ಲಿ, ಸುಣ್ಣಕಲ್ಲಿನ ದಿಣ್ಣೆಯ ಮೇಲೆ, ಐದು ಗಿರಣಿಗಳು ಸಾಲಾಗಿ ನಿಂತಿದ್ದವು. ನಾಲ್ಕರದು ಹೊರಗಿನ ರೂಪ ಮಾತ್ರ ಉಳಿದಿತ್ತು. ಐದನೆಯದರ ಕಲ್ಲು ಇನ್ನೂ ಬೀಸಬಲ್ಲದಾಗಿತ್ತು. ಅದು ಸ್ತೂರೆ ಎಂಬ ಎಪ್ಪತ್ತೆಂಟರ ಮುದುಕನದು. ಅವನ ಮುತ್ತಜ್ಜ ಕಟ್ಟಿಸಿದ್ದು.

ಕಾಂಚನಾಳ ಮೊದಲ ದಿನ ಅವನು ಅವಳ ಕೈಯನ್ನು ತಿರುಗಿಸಿ ಅಂಗೈ ನೋಡಿದ. “ಇನ್ನೂ ಮೆತ್ತಗಿದೆ,” ಎಂದಷ್ಟೇ ಹೇಳಿ ಒಳಗೆ ಕರೆದ.

ಆ ಗಿರಣಿ ಒಂದು ಮರದ ಕೋಣೆ. ಇಡೀ ಕೋಣೆ ಒಂದೇ ಒಂದು ದಪ್ಪ ಓಕ್ ಕಂಬದ ಮೇಲೆ ಕೂತಿತ್ತು. ಕಂಬದ ನೆತ್ತಿಯಲ್ಲಿ ಒಂದು ಅಡ್ಡತೊಲೆ. ಕೋಣೆ, ಬೀಸುವ ಕಲ್ಲು, ನಾಲ್ಕು ರೆಕ್ಕೆ, ಎಲ್ಲದರ ಭಾರ ಹೊರುವುದು ಆ ತೊಲೆ. ಹಿಂದೆ ನೆಲದವರೆಗೆ ಇಳಿಬಿದ್ದ ಉದ್ದನೆಯ ಮರವೊಂದಿತ್ತು. ಬಾಲದಂಥ ಆ ಮರವನ್ನು ದೂಡಿದರೆ ಕೋಣೆಯೇ ತಿರುಗಿ ಗಾಳಿಗೆ ಮುಖ ಕೊಡುತ್ತಿತ್ತು.

“ಈ ದ್ವೀಪದಲ್ಲಿ ಹೊಳೆ ಅನ್ನೋ ಹೊಳೆ ಇಲ್ಲ,” ಎಂದು ಸ್ತೂರೆ ಕಾಫಿ ಕುಡಿಯುತ್ತಾ ಹೇಳುತ್ತಿದ್ದ. “ನೀರಿನ ಗಿರಣಿ ಎಲ್ಲಿಂದ ಬರಬೇಕು? ಇದ್ದದ್ದು ಗಾಳಿ. ಅಣ್ಣ ತಮ್ಮ ಹೊಲ ಪಾಲು ಮಾಡ್ಕೊಂಡ್ರೆ ತಮ್ಮನೂ ಒಂದು ಗಿರಣಿ ಕಟ್ಟಿಸ್ತಿದ್ದ. ಅಣ್ಣನ ಹತ್ರ ಕೇಳೋಕೆ ಯಾರಿಗೆ ಇಷ್ಟ? ಕಟ್ಟಿಸಲಾರದವರು ನಾಲ್ಕು ಮನೆ ಸೇರಿ ಒಂದು ಇಟ್ಕೊಂಡು ದಿನ ಹಂಚ್ಕೋತಿದ್ರು. ತನ್ನ ದಿನ ಗಾಳಿ ಬೀಸದಿದ್ರೆ ಆ ಮನೆಯವರು ಗಂಜಿ ಕುಡೀಬೇಕು.”

ರೈ, ಬಾರ್ಲಿ, ದನಗಳಿಗೆ ನುಚ್ಚು, ಎಲ್ಲ ಅಲ್ಲೇ ಬೀಸುತ್ತಿದ್ದರು. ಕಡಲಂಚಿನಲ್ಲಿ ಸುಣ್ಣಕಲ್ಲಿನ ಚಪ್ಪಡಿ ಉಜ್ಜಿ ನಯಮಾಡುವುದಕ್ಕೂ ಗಾಳಿಯ ರೆಕ್ಕೆಗಳಿದ್ದವು. ಎಂಜಿನ್ ಬಂದ ಮೇಲೆ ಒಂದೊಂದಾಗಿ ನಿಂತುಹೋದವು. ಎರಡನೇ ಮಹಾಯುದ್ಧದಲ್ಲಿ ಎಣ್ಣೆ ಸಿಗದಾದಾಗ ಮತ್ತೆ ತಿರುಗಿದವು. ಆ ವರ್ಷಗಳಲ್ಲಿ ಸ್ತೂರೆ ಹಿಟ್ಟಿನ ಚೀಲಗಳ ಮೇಲೆ ಮಲಗಿ ಬೆಳೆದಿದ್ದ. ಕಲ್ಲಿನ ಸದ್ದು ನಿಂತರೆ ಎಚ್ಚರವಾಗುತ್ತಿತ್ತಂತೆ.

ಒಂದು ವರ್ಷ ಅವನ ಕೈಕೆಳಗೆ ಕಾಂಚನಾ ಕಲಿತಳು. ಸವೆದ ಕಲ್ಲಿಗೆ ಉಳಿಯಿಂದ ಗೀರು ಹೊಡೆಯುವುದು, ಗಾಳಿ ಹಿಡಿಯಲು ರೆಕ್ಕೆಗಳಿಗೆ ಬಟ್ಟೆ ಕಟ್ಟುವುದು, ಕಲ್ಲನ್ನು ಕೈಯಿಂದ ತಿರುಗಿಸಿ ಬಂದ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ ಎರಡು ಕಲ್ಲುಗಳ ನಡುವಿನ ಅಂತರ ಹೇಳುವುದು. ಹೊಗಳಿಕೆ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಅವಳು ಡಬ್ಬಿಯಲ್ಲಿ ತಂದ ಪುಳಿಯೋಗರೆಯನ್ನು ಗಟ್ಟಿ ರೊಟ್ಟಿಯ ಮೇಲೆ ಹರಡಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಪೂರ್ತಿ ತಿನ್ನುತ್ತಿದ್ದ. ಊರವರು ಮೊದಮೊದಲು ಅವಳನ್ನು ಪ್ರವಾಸಿ ಎಂದುಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದರು. ಹುಟ್ಟಿ ಬೆಳೆದ ದೇಶದಲ್ಲಿ ಅದು ಅವಳಿಗೆ ಹೊಸದೇನಲ್ಲ. ಒಮ್ಮೆ ಅಂಗಡಿಯ ಮುಂದೆ ಹಾಗಾದಾಗ ಸ್ತೂರೆ ನಡುವೆ ಬಾಯಿ ಹಾಕಿ, “ಇವಳು ನಮ್ಮ ಗಿರಣಿಯವಳು,” ಎಂದ. ಆ ಸಂಜೆ ಅವಳು ಅಮ್ಮನಿಗೆ ಫೋನ್ ಮಾಡಿ ಅದೊಂದು ಮಾತನ್ನು ಎರಡು ಸಲ ಹೇಳಿದಳು.

೨೦೧೫ರ ಮೇ ತಿಂಗಳಲ್ಲಿ ಸಂಘದವರು ಒಂದು ವರದಿ ಕೇಳಿದರು. ಜುಲೈ ಮೊದಲ ಭಾನುವಾರ ಊರಿನಲ್ಲಿ ಗಿರಣಿ ದಿನ. ನಾಲ್ಕು ವರ್ಷದಿಂದ ನಿಂತಿದ್ದ ಸ್ತೂರೆಯ ಗಿರಣಿಯನ್ನು ಅಂದು ತಿರುಗಿಸಬಹುದೇ ಎಂದು ಬರೆದುಕೊಡಬೇಕಿತ್ತು. ಕಾಂಚನಾ ಟಾರ್ಚು ಹಿಡಿದು ಒಂದೊಂದೇ ಮರ ನೋಡುತ್ತಾ ಹೋದಳು. ಅಡ್ಡತೊಲೆ ಹೊರಗಿನಿಂದ ಕಪ್ಪಗೆ, ಗಟ್ಟಿಯಾಗಿ ಕಾಣುತ್ತಿತ್ತು. ಸುತ್ತಿಗೆಯಿಂದ ತಟ್ಟಿದಾಗ ಒಂದು ಕಡೆ ಮಾತ್ರ ಬೇರೆ ಸದ್ದು ಬಂತು. ಅಲ್ಲಿ ದಬ್ಬಳ ಊರಿದಳು. ಅದು ಹಿಡಿಯವರೆಗೆ ಒಳಗೆ ಹೋಯಿತು.

ಅಂದು ಅವಳು ಫೋನಿನಲ್ಲಿ ಅಪ್ಪನನ್ನು ಕೇಳಿದಳು.

“ಡೌಟ್ ಇದೆಯಾ?” ಎಂದರು ಶಂಕರ.

“ಒಂದು ಕಡೆ ಹೋಗಿದೆ. ಇನ್ನೊಂದು ಕಡೆ ಪರವಾಗಿಲ್ಲ ಅನ್ಸತ್ತೆ.”

“ಅನ್ಸತ್ತೆ ಅಂತ ಯಾವ ಫಾರ್ಮ್‌ನಲ್ಲೂ ಕಾಲಂ ಇರಲ್ಲ ಪುಟ್ಟಿ. ಡೌಟ್ ಇದ್ರೆ ರಿಜೆಕ್ಟ್. ಅಷ್ಟೇ.”

ಅವಳು ಬರೆದಳು: ತೊಲೆ ಬದಲಾಯಿಸುವವರೆಗೆ ರೆಕ್ಕೆಗಳನ್ನು ತಿರುಗಿಸಬಾರದು. ಸಂಘಕ್ಕೆ ಕೊಡುವ ಮೊದಲು, ಗಿರಣಿ ಅವನದಲ್ಲವೇ ಎಂದು, ಸ್ತೂರೆಗೆ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ಓದಿದ, ಮಡಿಚಿ ವಾಪಸ್ಸು ಕೊಟ್ಟ. ಮೂರನೆಯ ದಿನ ಮಾತಾಡಿದ.

“ನನ್ನಪ್ಪ ಇದಕ್ಕಿಂತ ಕೊಳೆತ ಮರದ ಮೇಲೆ ಬೀಸಿದ್ದಾನೆ. ನೀನು ಅದನ್ನ ಪುಸ್ತಕದಲ್ಲಿ ಓದಿದ್ದೀಯ. ನಾನು ಅದರ ಕೆಳಗೆ ನಿದ್ದೆ ಮಾಡಿದ್ದೀನಿ.”

“ದಬ್ಬಳ ಪೂರ್ತಿ ಒಳಗೆ ಹೋಯ್ತು ಸ್ತೂರೆ.”

“ಒಂದು ಜಾಗದಲ್ಲಿ. ಹೊಸ ತೊಲೆ ಬೇಕಂದ್ರೂ ಬರೋದು ಅಕ್ಟೋಬರ್‌ಗೆ. ಅಲ್ಲಿವರೆಗೆ ಇದನ್ನ ಸತ್ತದ್ದು ಅಂತ ಬರೀತೀಯಾ? ಬೀಸೋದು ಬೇಡ. ಅರ್ಧ ಬಟ್ಟೆ ಕಟ್ಟೋಣ, ಸುಮ್ಮನೆ ತಿರುಗಲಿ. ನಮ್ಮವಳೇ ಬೇಡ ಅಂದ್ರೆ ನಾನು ಊರವರಿಗೆ ಏನಂತ ಹೇಳಲಿ?”

ನಮ್ಮವಳು ಎಂಬ ಆ ಶಬ್ದ ಅವಳ ಕೈ ಕಟ್ಟಿತು. ಮರುದಿನ ಇನ್ನೊಂದು ವರದಿ ಬರೆದಳು. ಕಲ್ಲಿಗೆ ಕೆಲಸ ಕೊಡದೆ, ಅರ್ಧ ಬಟ್ಟೆಯಲ್ಲಿ, ತೆಳುಗಾಳಿಯಿದ್ದರೆ ಸ್ವಲ್ಪ ಹೊತ್ತು ತಿರುಗಿಸಬಹುದು. ಸಂಘಕ್ಕೆ ಹೋದದ್ದು ಅದು. ಅಪ್ಪನಿಗೆ ಹೇಳಲಿಲ್ಲ.

ಜುಲೈನ ಆ ಭಾನುವಾರ ಬಿಸಿಲು ಚೆನ್ನಾಗಿತ್ತು. ನೈಋತ್ಯದಿಂದ ಮೆಲ್ಲನೆ ಗಾಳಿ. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಕಾಂಚನಾ ಗಿರಣಿಯ ಸುತ್ತ ದೂರದಲ್ಲೇ ಹಗ್ಗ ಕಟ್ಟಿ, ಅದನ್ನು ಯಾರೂ ದಾಟದ ಹಾಗೆ ನೋಡಿಕೊಂಡಿದ್ದಳು. ಹನ್ನೊಂದು ಗಂಟೆಗೆ ಸ್ತೂರೆ ಕೆಳಗಿನಿಂದ ಹಗ್ಗ ಎಳೆದು ಬ್ರೇಕು ಬಿಟ್ಟ. ರೆಕ್ಕೆಗಳು ಒಮ್ಮೆ ನರಳಿ, ಆಮೇಲೆ ಸಲೀಸಾಗಿ ಸುತ್ತತೊಡಗಿದವು. ಜನ ಚಪ್ಪಾಳೆ ತಟ್ಟಿದರು. ಸ್ತೂರೆಯ ಮಗಳು ಬಿರ್ಗಿತ್ತಾ ಅತ್ತಳು. ಕಾಂಚನಾ ಕಂಬದ ಬುಡದಲ್ಲಿ ನಿಂತು ತೊಲೆಗೇ ಕಿವಿಗೊಟ್ಟಿದ್ದಳು. ಏನೂ ಕೇಳಿಸದಿದ್ದಾಗ ಅವಳೂ ನಕ್ಕಳು.

ಅರ್ಧ ಗಂಟೆಯ ಮೇಲೆ ಈಶಾನ್ಯದ ಬಯಲಿನ ಕಡೆ ಮೋಡ ಕಪ್ಪಾಯಿತು. ಗಾಳಿ ಒಂದು ಕ್ಷಣ ಸತ್ತುಹೋಯಿತು. ಹಾಗೆ ಸತ್ತ ಗಾಳಿ ಹಿಂದಿನಿಂದ ಬರುತ್ತದೆ ಎಂದು ಸ್ತೂರೆಯೇ ಅವಳಿಗೆ ಕಲಿಸಿದ್ದ. ಗಿರಣಿಗೆ ಬೆನ್ನ ಮೇಲಿನ ಗಾಳಿಗಿಂತ ದೊಡ್ಡ ಶತ್ರುವಿಲ್ಲ.

“ತಿರುಗಿಸು!” ಎಂದು ಕೂಗಿ ಸ್ತೂರೆ ಬ್ರೇಕು ಹಾಕಲು ಏಣಿ ಹತ್ತಿದ.

“ಹತ್ತಬೇಡ, ಕೆಳಗಿಂದಲೇ ಬ್ರೇಕಿನ ಹಗ್ಗ ಎಳಿ!” ಎಂದು ಅವಳು ಚೀರಿದಳು. ಹಗ್ಗ ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಅವನು ಒಳಗೆ ಹೋದ. ಕಾಂಚನಾ ಇಬ್ಬರು ಊರವರ ಜೊತೆ ಬಾಲದ ಮರಕ್ಕೆ ಹೆಗಲು ಕೊಟ್ಟಳು. ಕೋಣೆ ಒಂದು ಗೇಣು ತಿರುಗಿತು. ಅಷ್ಟರಲ್ಲಿ ಬಿರುಗಾಳಿ ಬಂದು ಹಿಂದಿನಿಂದ ಬಡಿಯಿತು. ಒಳಗೆ ಬ್ರೇಕು ಚಕ್ರವನ್ನು ಕಚ್ಚಿದ ಸದ್ದು ಕೇಳಿತು. ಅದರ ಹಿಂದೆಯೇ ಇನ್ನೊಂದು ಸದ್ದು, ಒದ್ದೆ ಬಟ್ಟೆ ಹರಿದಂತೆ. ಗಟ್ಟಿ ಮರ ಮುರಿದರೆ ಸಿಡಿಲಿನ ಹಾಗೆ ಸಿಡಿಯುತ್ತದೆ. ಈ ಮರಕ್ಕೆ ಸಿಡಿಯುವಷ್ಟೂ ಶಕ್ತಿ ಉಳಿದಿರಲಿಲ್ಲ.

ಕೋಣೆ ಮುಗ್ಗರಿಸಿತು. ಬಾಲದ ಮರ ಅವರ ಕೈಯಿಂದ ಕಿತ್ತುಕೊಂಡು ಮೇಲೆದ್ದು, ಕಾಂಚನಾಳ ಎಡ ಹೆಗಲನ್ನು ಮುರಿದು, ಆಕಾಶಕ್ಕೆ ಹೋಯಿತು. ರೆಕ್ಕೆಗಳು ನೆಲಕ್ಕೆ ಬಡಿದು ಚೂರಾದವು. ಬೀಸುವ ಕಲ್ಲು ಮುಂದಿನ ಗೋಡೆ ಒಡೆದುಕೊಂಡು ಹೊರಗೆ ಬಂತು.

ಸ್ತೂರೆಯನ್ನು ಹೊರತೆಗೆಯಲು ಎರಡು ಗಂಟೆ ಹಿಡಿಯಿತು. ಅವನು ಅದಕ್ಕೆ ಬಹಳ ಮೊದಲೇ ಸತ್ತಿದ್ದ. ಅಲ್ಲಿಂದ ಕದಲಲು ಒಪ್ಪದೆ ಕಾಂಚನಾ ಮಳೆಯಲ್ಲಿ ಕೂತೇ ಇದ್ದಳು. ಕೊನೆಗೆ ಇಬ್ಬರು ಸೇರಿ ಅವಳನ್ನು ಆಂಬುಲೆನ್ಸಿಗೆ ಹತ್ತಿಸಿದರು.

ಪೊಲೀಸರು ಆಸ್ಪತ್ರೆಗೆ ಬಂದು ವರದಿ ಕೇಳಿದರು. ಸಂಘದವರು ಆಗಲೇ ತಮ್ಮಲ್ಲಿದ್ದದ್ದನ್ನು ಕೊಟ್ಟಿದ್ದರು. ಅದನ್ನಷ್ಟೇ ನೋಡಿದರೆ ಯಾರದೂ ತಪ್ಪಿಲ್ಲ. ಬಿರುಗಾಳಿ ಬಂತು, ಮುದುಕ ಅವಳ ಮಾತು ಕೇಳದೆ ಹತ್ತಿದ. ಮೊದಲನೆಯ ವರದಿ ಇರುವುದು ಅವಳ ಲ್ಯಾಪ್‌ಟಾಪಿನಲ್ಲಿ ಮಾತ್ರ. ಬಲಗೈಯಿಂದ ಅದನ್ನು ತೆರೆದು, ಅವಳು ಪೊಲೀಸನ ಕಡೆ ತಿರುಗಿಸಿದಳು.

“ಇದನ್ನೂ ತಗೊಳ್ಳಿ. ನನಗೆ ಗೊತ್ತಿತ್ತು.”

ತನಿಖೆ ಎಂಟು ತಿಂಗಳು ನಡೆಯಿತು. ಗಿರಣಿ ಅವನದೇ, ನಿರ್ಧಾರವೂ ಅವನದೇ ಎಂದು ಮೊಕದ್ದಮೆ ಹೂಡಲಿಲ್ಲ. ಆದರೆ ಆಮೇಲೆ ಯಾವ ಹಳ್ಳಿಯೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಬಿರ್ಗಿತ್ತಾ ಒಂದೇ ಸಲ ಮಾತಾಡಿದಳು, ಚರ್ಚಿನ ಮೆಟ್ಟಿಲ ಮೇಲೆ, ಕೂಗದೆ, ಅಳದೆ.

“ಅಪ್ಪ ಯಾರ ಮಾತೂ ಕೇಳ್ತಿರಲಿಲ್ಲ. ನನ್ನದೂ ಕೇಳ್ತಿರಲಿಲ್ಲ. ನಿನ್ನದು ಕೇಳ್ತಿದ್ದ. ನೀನು ಗಟ್ಟಿಯಾಗಿ ನಿಂತಿದ್ರೆ ಕೇಳ್ತಿದ್ದ.”

ಅದು ನಿಜವೋ ಅಲ್ಲವೋ ತಿಳಿಯುವ ದಾರಿ ಕಾಂಚನಾಳಿಗೆ ಎಂದೂ ಸಿಗಲಿಲ್ಲ.

ಮುಂದಿನ ವಸಂತದಲ್ಲಿ ಬಿರ್ಗಿತ್ತಾಳಿಂದ ಎರಡು ಸಾಲಿನ ಪತ್ರ ಬಂತು. ಬಿದ್ದ ಮರ ಇನ್ನೂ ಹಾಗೇ ಇದೆ, ತೆಗೆದುಕೊಂಡು ಹೋಗು. ಕಾಂಚನಾಳ ಹೆಗಲು ಸರಿಯಾಗಿ ಕೂಡಿರಲಿಲ್ಲ, ಎಡಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ವಿಷಯ ತಿಳಿದು ಶಂಕರ ಸ್ಯಾಂಡ್‌ವಿಕೆನ್‌ನಿಂದ ಎರಡು ರೈಲು, ಒಂದು ಬಸ್ಸು ಹಿಡಿದು ಬಂದರು. ತಂದೆ ಮಗಳು ನಾಲ್ಕು ದಿನ ಮರ ಬಿಡಿಸಿದರು. ಊರವರು ಯಾರೂ ಹತ್ತಿರ ಬರಲಿಲ್ಲ. ಮೂರನೆಯ ದಿನ ಅಡ್ಡತೊಲೆ ಕೈಗೆ ಬಂತು. ಶಂಕರ ಗರಗಸ ಹಿಡಿದು ಅದನ್ನು ಕತ್ತರಿಸಿ, ಕತ್ತರಿಸಿದ ಮುಖ ನೋಡಿದರು. ಒಳಗೆ ಕಂದು ಪುಡಿ. ಬೆರಳಲ್ಲಿ ತೆಗೆದು ಊದಿದರೆ ಹಾರಿಹೋಯಿತು. ಇನ್ನೊಂದು ತುದಿಯನ್ನೂ ಕತ್ತರಿಸಿದರು. ಅಲ್ಲೂ ಅದೇ.

“ಗೊತ್ತಿದ್ದೂ ಬರೆದ್ಯಾ?”

“ಹೂಂ.”

“ಯಾಕೆ?”

“ಅವರು ನನ್ನ ನಮ್ಮವಳು ಅಂದ್ರು ಅಪ್ಪ.”

ಶಂಕರ ಬೆರಳಿಗೆ ಅಂಟಿದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ, ಸುಳ್ಳಂತೂ ಮೊದಲೇ ಬರುತ್ತಿರಲಿಲ್ಲ.

“ಮೂವತ್ತು ವರ್ಷ ರಿಜೆಕ್ಟ್ ಸ್ಟಾಂಪ್ ಹಾಕಿದ್ದೀನಿ,” ಎಂದರು ಕೊನೆಗೆ. “ಒಬ್ಬನೂ ಥ್ಯಾಂಕ್ಸ್ ಹೇಳಿಲ್ಲ. ಕಾಫಿಗೆ ಬಿಡೋ ಫಿಕಾ ಟೈಮಲ್ಲಿ ನನ್ನ ಟೇಬಲ್‌ಗೆ ಯಾರೂ ಬರ್ತಿರಲಿಲ್ಲ. ನಿಮ್ಮಮ್ಮಂಗೂ ಹೇಳಿಲ್ಲ ಇದನ್ನ. ನಿಂಗಾದ್ರೂ ಮುಂಚೆ ಹೇಳ್ಬೇಕಿತ್ತು.”

ಆಮೇಲೆ ಅವರು ಗರಗಸ ಕೆಳಗಿಟ್ಟು, ಅವಳ ಬಲ ಹೆಗಲ ಮೇಲೆ ಕೈಯಿಟ್ಟು ಕೂತರು.

೨೦೧೭ರಲ್ಲಿ ಹಳೆಯ ಗಿರಣಿಗಳ ಸುರಕ್ಷತೆ ಪರೀಕ್ಷಿಸುವ ಒಂದು ಹುದ್ದೆ ಖಾಲಿಯಿತ್ತು. ಊರೂರು ತಿರುಗಬೇಕು, ಹೋದಲ್ಲೆಲ್ಲ ಬೈಸಿಕೊಳ್ಳಬೇಕು. ಯಾರೂ ಅರ್ಜಿ ಹಾಕಿರಲಿಲ್ಲ. ಕಾಂಚನಾ ಹಾಕಿದಳು. ಸಂದರ್ಶನದಲ್ಲಿ ಕೇಳುವ ಮೊದಲೇ ಸ್ತೂರೆಯ ವಿಷಯ ಹೇಳಿದಳು. ಕೆಲಸ ಸಿಕ್ಕಿತು. ಸ್ಕೋನೆ ಪ್ರಾಂತ್ಯದಲ್ಲಿ, ತಲೆಯ ಭಾಗ ಮಾತ್ರ ತಿರುಗುವ ದೊಡ್ಡ ಡಚ್ ಮಾದರಿಯ ಗಿರಣಿಗಳನ್ನು ನೋಡಿದಳು. ಗೋಟ್ಲಾಂಡ್ ದ್ವೀಪದಲ್ಲಿ ಬಿಳಿಗಲ್ಲಿನ ಗೋಪುರಗಳಂಥವನ್ನು ಹತ್ತಿಳಿದಳು. ಎರಡು ವರ್ಷದಲ್ಲಿ ಹತ್ತೊಂಬತ್ತು ಗಿರಣಿಗಳ ರೆಕ್ಕೆಗೆ ಸರಪಳಿ ಹಾಕಿಸಿದಳು. ಒಬ್ಬ ಮುದುಕಿ ಅವಳ ಮುಖದ ಮೇಲೆ ಬಾಗಿಲು ಹಾಕಿದಳು. ಒಬ್ಬ ಅವಳ ಕಾರಿನ ಮೇಲೆ ಹಸುವಿನ ಗೊಬ್ಬರ ಸುರಿದ. ಅವಳು ತೊಳೆದುಕೊಂಡು ಮುಂದಿನ ಊರಿಗೆ ಹೋದಳು. ಗಾಳಿ ಬೀಸುವಾಗ ರೆಕ್ಕೆ ತಿರುಗುವುದನ್ನು ನೋಡಬೇಕೆಂದೇ ಈ ಕೆಲಸಕ್ಕೆ ಬಂದವಳು, ಊರೂರಲ್ಲಿ ಅದನ್ನು ನಿಲ್ಲಿಸುತ್ತಾ ಹೋದಳು.

೨೦೧೯ರ ಆಗಸ್ಟಿನಲ್ಲಿ ಗೋಟ್ಲಾಂಡ್‌ನ ಒಂದು ಹೊಲದಲ್ಲಿ ಅವಳಿಗೆ ಗಟ್ಟಿಯಾದ ಗಿರಣಿಯೊಂದು ಸಿಕ್ಕಿತು. ಎರಡು ದಿನ ತಟ್ಟಿ, ಚುಚ್ಚಿ, ಕೊರೆದು ನೋಡಿದಳು. ಎಲ್ಲೂ ಕೊಳೆತಿರಲಿಲ್ಲ. ತಿರುಗಿಸಬಹುದು ಎಂದು ಬರೆದು ಸಹಿ ಹಾಕಲು ಮತ್ತೂ ಒಂದು ದಿನ ತೆಗೆದುಕೊಂಡಳು. ಯಜಮಾನ ದಂಪತಿಗೆ ಹಿಗ್ಗು ತಡೆಯಲಾಗಲಿಲ್ಲ. ನೆರೆಯವರನ್ನು ಕರೆದು ಅಂದೇ ಬ್ರೇಕು ಬಿಟ್ಟರು. ಒಳಗೆ ಬಾ, ಮೊದಲ ಹಿಟ್ಟು ನೀನೇ ಮುಟ್ಟು ಎಂದು ಕರೆದರು.

“ಬೇಡ. ನಾನು ಇಲ್ಲೇ ಇರ್ತೀನಿ,” ಎಂದಳು.

ರೆಕ್ಕೆಗಳ ನೆರಳು ತಾಗದಷ್ಟು ದೂರದಲ್ಲಿ, ಆಕಾಶದ ನಾಲ್ಕು ದಿಕ್ಕನ್ನೂ ನೋಡುತ್ತಾ ಅವಳು ನಿಂತಿದ್ದಳು. ಏಳು ಜನ ಒಳಗೆ ಹೋಗಿದ್ದರು. ಮುಕ್ಕಾಲು ಗಂಟೆಯ ನಂತರ ಕೈಗೆ ಬಟ್ಟೆಗೆ ಹಿಟ್ಟು ಮೆತ್ತಿಕೊಂಡು, ನಗುತ್ತಾ, ಒಬ್ಬೊಬ್ಬರಾಗಿ ಹೊರಗೆ ಬಂದರು. ಏಳನೆಯವನ ಕಾಲು ನೆಲಕ್ಕೆ ತಾಗುವವರೆಗೆ ಎಣಿಸಿ, ಕಾಂಚನಾ ಕಾರಿನ ಕಡೆ ನಡೆದಳು.