ಮನೆಯ ಸುತ್ತ ಬಿಟ್ಟ ಜಾಗ

ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಮನೆಯಾಕೆ ಮನೆ ಕಟ್ಟಿಸುವಾಗ ಕಾನೂನು ಹೇಳಿದಂತೆ ಸುತ್ತಲೂ ಜಾಗ ಬಿಟ್ಟರು. ಆ ಕಾನೂನು ಕಂಡರೆ ಬೀದಿಯವರಿಗೆಲ್ಲ ಸಿಟ್ಟು. ಉಳಿದವರು ಕಾಂಪೌಂಡಿಗೆ ತಾಗಿಸಿಯೇ ಗೋಡೆ ಎಬ್ಬಿಸಿದ್ದರು.

"ಇನ್ನೊಂದ್ ರೂಮೇ ಆಗ್ತಿತ್ತಲ್ಲಕ್ಕಾ," ಎಂದು ಅವರ ಆಚೆಬದಿಯ ಮನೆಯ ಮಾಲೀಕರು ನಗುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಸಂದಿಯನ್ನು ಗುಡಿಸುತ್ತಲೇ ಈಕೆ, "ಗಾಳಿ ಓಡಾಡ್ಬೇಕು ಕಣಪ್ಪ," ಎನ್ನುತ್ತಿದ್ದರು. ಯಾರು ಕೇಳಿದರೂ ಅದೇ ಮಾತು.

ಒಂದು ಮಧ್ಯಾಹ್ನ ಆ ಮಾಲೀಕರ ಕಟ್ಟಡದ ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳಿಗೆ ಬೆಂಕಿ ಹತ್ತಿತು. ಮೆಟ್ಟಿಲ ತುಂಬ ಹೊಗೆ. ಮೇಲಿನ ಮಹಡಿಯವರಿಗೆ ಇಳಿಯಲು ದಾರಿಯೇ ಇರಲಿಲ್ಲ. ಬೀದಿಯ ಕಡೆ ಬೆಂಕಿ ಉರಿಯುತ್ತಿದ್ದುದರಿಂದ ಅಗ್ನಿಶಾಮಕ ದಳದವರಿಗೆ ಏಣಿ ಇಡಲು ಸಿಕ್ಕಿದ್ದು ಈಕೆ ಬಿಟ್ಟ ಜಾಗವೊಂದೇ. "ತುಳಸಿಕಟ್ಟೆ ಅಡ್ಡ ಬಂದ್ರೆ ಒಡೀರಿ!" ಎಂದು ಕೂಗಿದ ಈಕೆ, ಏಣಿಯಿಂದ ಇಳಿದ ಮಕ್ಕಳನ್ನು ತಾವೇ ಎತ್ತಿಕೊಂಡು ತಮ್ಮ ಮನೆಯೊಳಗೆ ಹೋದರು. ಎಲ್ಲರೂ ಬದುಕಿದರು.

ಮುಂದೆ ಆ ಮಾಲೀಕರು ಸುಟ್ಟ ಕಟ್ಟಡ ಕೆಡವಿ ಹೊಸದು ಕಟ್ಟುವಾಗ ಟೇಪು ಹಿಡಿದು ಬಂದರು. "ನೀವೆಷ್ಟು ಬಿಟ್ಟಿದ್ದೀರಕ್ಕಾ? ನಾನೂ ಅಷ್ಟು ಬಿಡ್ತೀನಿ." ಈಕೆ ಟೇಪಿನ ಇನ್ನೊಂದು ತುದಿ ಹಿಡಿದು ನಿಂತರು.

ಈಗ ಆ ಎರಡು ಮನೆಗಳ ನಡುವೆ ಆಕಾಶ ಕಾಣುತ್ತದೆ. ಬೀದಿಗೆ ಹೊಸಬರು ಬಂದರೆ ನಾವು ಮೊದಲು ತೋರಿಸುವುದು ಅದನ್ನೇ.